ಮುಸುಕಿನ ಜೋಳದಿಂದ ಇಂಧನ ಎಥನಾಲ್: ಹುದುಗುವಿಕೆಯ ದಕ್ಷತೆಯ ಸಮಸ್ಯೆಗಳು ಮತ್ತು ಸಾಧ್ಯತೆಗಳು

ಪೀಠಿಕೆ

ಬೆಂಗಳೂರಿನ ಉತ್ತರ ಭಾಗದಲ್ಲಿ ಯಶವಂತಪುರದಿಂದ ಹೆಬ್ಬಾಳದ ಮೂಲಕ ಯಲಹಂಕದವರೆಗೆ ಹಬ್ಬಿರುವ ಪ್ರದೇಶವು ಕರ್ನಾಟಕದ ಕೃಷಿ ಮತ್ತು ಜೀವವಿಜ್ಞಾನಗಳ ಸಂಶೋಧನೆಗೆ ಶತಮಾನಕ್ಕೂ ಮೀರಿದ ನೆಲೆಯಾಗಿದೆ. ಯಶವಂತಪುರದ ಅಂಚಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯ ಮತ್ತು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಅದರಾಚೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಇವೆ. ಇದೇ ದಾರಿಯಲ್ಲಿ ಮುಂದೆ ಸಾಗಿದರೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳ ಮುಸುಕಿನ ಜೋಳದ ಹೊಲಗಳು ಎದುರಾಗುತ್ತವೆ. ದಕ್ಷಿಣ ಜಿಲ್ಲೆಗಳಲ್ಲಿ ಮುಸುಕಿನ ಜೋಳವೆಂದೂ ಮಧ್ಯ ಮತ್ತು ಉತ್ತರ ಕರ್ನಾಟಕದಲ್ಲಿ ಮೆಕ್ಕೆಜೋಳ, ಗೋವಿನ ಜೋಳವೆಂದೂ ಕರೆಯಲ್ಪಡುವ ಈ ಬೆಳೆಯಲ್ಲಿ ಕರ್ನಾಟಕವು ದೇಶದ ಮುಂಚೂಣಿಯ ರಾಜ್ಯಗಳಲ್ಲೊಂದಾಗಿದೆ.

ಬಹುಕಾಲ ಕೋಳಿ ಆಹಾರಕ್ಕೂ ಪಿಷ್ಟ ತಯಾರಿಕೆಗೂ ಮೀಸಲಾಗಿದ್ದ ಈ ಕಾಳು ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿನೊಡನೆ ಬೆರೆಸುವ ಎಥನಾಲಿನ ಮುಖ್ಯ ಕಚ್ಚಾವಸ್ತುವಾಗಿ ಪರಿಣಮಿಸಿದೆ. ಇದರೊಂದಿಗೆ ಕಾಳಿನ ಬೆಲೆ, ಕೋಳಿ ಸಾಕಣೆಯ ವೆಚ್ಚ, ನೀರಿನ ಬಳಕೆ ಇವೆಲ್ಲವೂ ಒಂದು ಜೈವಿಕ ಕ್ರಿಯೆಯೊಡನೆ ಹೆಣೆದುಕೊಂಡಿವೆ. ಆ ಕ್ರಿಯೆಯೇ ಹುದುಗುವಿಕೆ. ಒಂದು ಟನ್ ಕಾಳಿನಿಂದ ದೊರೆಯಬಹುದಾದ ಎಥನಾಲಿಗೂ ವಾಸ್ತವವಾಗಿ ದೊರೆಯುವ ಎಥನಾಲಿಗೂ ಇರುವ ಅಂತರವೇನು, ಆ ಅಂತರ ಯಾವ ಯಾವ ಹಂತಗಳಲ್ಲಿ ಉಂಟಾಗುತ್ತದೆ, ಅದರಲ್ಲಿ ಎಷ್ಟನ್ನು ಮರಳಿ ಪಡೆಯಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹಿನ್ನೆಲೆ

ಹೆಬ್ಬಾಳದ ಕೃಷಿ ಸಂಶೋಧನೆಗೆ ಅಡಿಗಲ್ಲು ಬಿದ್ದುದು 1899ರಲ್ಲಿ. ಮೈಸೂರು ಸಂಸ್ಥಾನದ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ನೀಡಿದ 30 ಎಕರೆ ಭೂಮಿಯಲ್ಲಿ ರಸಾಯನ ವಿಜ್ಞಾನಿ ಡಾ. ಲೇಮನ್ ಅವರ ಮಾರ್ಗದರ್ಶನದಲ್ಲಿ ಪ್ರಾಯೋಗಿಕ ಕ್ಷೇತ್ರ ಆರಂಭವಾಯಿತು. 1946ರಲ್ಲಿ ಅಲ್ಲಿಯೇ ಕೃಷಿ ಕಾಲೇಜು ಬಂದಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಕಾರ್ಯಾರಂಭ ಮಾಡಿತು. ವಿಶ್ವವಿದ್ಯಾನಿಲಯದ ಮುಸುಕಿನ ಜೋಳದ ತಳಿ ಅಭಿವೃದ್ಧಿ ಕಾರ್ಯವು ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಯಲ್ಲಿ ಬೆಳೆಯಿತು. ಕೇದಿಗೆ ರೋಗ ಮತ್ತು ಎಲೆ ಅಂಗಮಾರಿ ರೋಗಗಳ ಹಾವಳಿಯನ್ನು ಗಮನದಲ್ಲಿರಿಸಿಕೊಂಡು ರೂಪಿಸಿದ ಹೇಮ, ನಿತ್ಯಶ್ರೀ ಸಂಕರಣ ತಳಿಗಳು ಅದರ ಫಲಗಳಾಗಿವೆ.

ಹುದುಗುವಿಕೆಯ ಅಧ್ಯಯನಕ್ಕೂ ಈ ಪ್ರದೇಶದಲ್ಲಿ ದೀರ್ಘ ಇತಿಹಾಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಜ್ಞಾನಕ್ಕೆ ತಳಹದಿ ಹಾಕಿದ ಗಿಲ್ಬರ್ಟ್ ಫೌಲರ್ ಮತ್ತು ಅವರ ಸಹೋದ್ಯೋಗಿಗಳು 1920ರ ಸುಮಾರಿನಲ್ಲಿಯೇ ಹಿಪ್ಪೆ ಹೂವಿನ ಸಕ್ಕರೆಯನ್ನು ಮದ್ಯಸಾರವಾಗಿ ಪರಿವರ್ತಿಸುವ ಬಗೆಯನ್ನು ವಿಸ್ತಾರವಾಗಿ ಪರಿಶೀಲಿಸಿದ್ದರು. ಮುಂದೆ ಅಲ್ಲಿ ಬೆಳೆದ ಹುದುಗು ತಂತ್ರಜ್ಞಾನ ವಿಭಾಗವೇ ಕಾಲಾಂತರದಲ್ಲಿ ಸೂಕ್ಷ್ಮಜೀವಿ ಮತ್ತು ಕೋಶ ಜೀವವಿಜ್ಞಾನ ವಿಭಾಗದ ರೂಪ ತಳೆಯಿತು.

ಮದ್ಯಸಾರವನ್ನು ಇಂಧನವಾಗಿ ಬಳಸುವ ವಿಚಾರವೂ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಭಾರತೀಯ ಪವರ್ ಆಲ್ಕೋಹಾಲ್ ಅಧಿನಿಯಮ ಜಾರಿಗೆ ಬಂದಿತ್ತು. 2003ರಲ್ಲಿ ಪೆಟ್ರೋಲಿಗೆ ಶೇ 5ರಷ್ಟು ಎಥನಾಲ್ ಬೆರೆಸುವ ಕಾರ್ಯಕ್ರಮ ಆರಂಭವಾದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಆಗ ಎಥನಾಲಿನ ಮೂಲವೆಂದರೆ ಬಹುಮಟ್ಟಿಗೆ ಸಕ್ಕರೆ ಕಾರ್ಖಾನೆಗಳ ಕಾಕಂಬಿಯೇ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಧಾನ್ಯಗಳಿಗೂ ದಾರಿ ತೆರೆಯಿತು. 2022ರ ತಿದ್ದುಪಡಿಯು ಶೇ 20ರ ಮಿಶ್ರಣದ ಗುರಿಯನ್ನು 2030ರಿಂದ 2025-26ಕ್ಕೆ ಹಿಂದಕ್ಕೆ ತಂದಿತು. ಮಳೆಯ ಅಭಾವದಿಂದ ಕಬ್ಬಿನ ಇಳುವರಿ ಕುಗ್ಗುವ ಆತಂಕದಲ್ಲಿ 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದ ಬಳಕೆಗೆ ಕೇಂದ್ರ ಸರ್ಕಾರ ನಿರ್ಬಂಧ ವಿಧಿಸಿದಾಗ ಮುಸುಕಿನ ಜೋಳವು ಮುನ್ನೆಲೆಗೆ ಬಂದಿತು. 2023-24ರ ಪೂರೈಕೆ ವರ್ಷದಲ್ಲಿ ಧಾನ್ಯಮೂಲದ ಎಥನಾಲಿನ ಪ್ರಮಾಣವು ಕಬ್ಬಿನ ಮೂಲದ್ದನ್ನು ಮೀರಿತು. 2025ರಲ್ಲಿ ಶೇ 20ರ ಮಿಶ್ರಣವನ್ನು ದೇಶ ಸಾಧಿಸಿತು.

ಈ ವೇಗದ ಬದಲಾವಣೆಯಲ್ಲಿ ಒಂದು ಅಂಶ ಮರೆಗೆ ಸರಿದಿದೆ. ಕಾಕಂಬಿಯ ಹುದುಗುವಿಕೆಯಲ್ಲಿ ದಶಕಗಳ ಅನುಭವ ಗಳಿಸಿದ ಕರ್ನಾಟಕಕ್ಕೆ ಆ ಅನುಭವವೆಲ್ಲವೂ ಧಾನ್ಯದ ವಿಷಯದಲ್ಲಿ ನೇರವಾಗಿ ಒದಗುವುದಿಲ್ಲ. ಕಾಕಂಬಿಯಲ್ಲಿ ಸಕ್ಕರೆ ಸಿದ್ಧರೂಪದಲ್ಲಿದೆ. ಕಾಳಿನಲ್ಲಾದರೋ ಅದು ಪಿಷ್ಟದ ಉದ್ದನೆಯ ಸರಪಳಿಗಳಲ್ಲಿ ಬಂಧಿತವಾಗಿದ್ದು, ಕಿಣ್ವಗಳ ನೆರವಿಲ್ಲದೆ ಯೀಸ್ಟಿಗೆ ಎಟುಕುವುದಿಲ್ಲ. ಕಾಕಂಬಿಯ ದ್ರಾವಣದಿಂದ ಯೀಸ್ಟನ್ನು ಬೇರ್ಪಡಿಸಿ ಮರಳಿ ಬಳಸಬಹುದು. ಕಾಳಿನ ಗಂಜಿಯಲ್ಲಿ ತೌಡು, ನಾರು, ಪ್ರೋಟೀನು ಕಲೆತಿರುವುದರಿಂದ ಅದು ಕಷ್ಟಸಾಧ್ಯ. ಪ್ರತಿ ತಂಡಕ್ಕೂ ಹೊಸ ಯೀಸ್ಟನ್ನೇ ಬೆಳೆಸಬೇಕಾಗುತ್ತದೆ.

ಸೈದ್ಧಾಂತಿಕ ಇಳುವರಿ ಮತ್ತು ವಾಸ್ತವ ಇಳುವರಿ

ಹುದುಗುವಿಕೆಯ ರಾಸಾಯನಿಕ ಲೆಕ್ಕ ಸರಳವಾದುದು. 162 ಭಾಗ ಪಿಷ್ಟವು ನೀರನ್ನು ಕೂಡಿಸಿಕೊಂಡು 180 ಭಾಗ ಗ್ಲೂಕೋಸ್ ಆಗುತ್ತದೆ. ಆ 180 ಭಾಗದಿಂದ 92 ಭಾಗ ಎಥನಾಲ್ ಮತ್ತು 88 ಭಾಗ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಒಂದು ಟನ್ ಕಾಳಿನಲ್ಲಿ ಶೇ 62ರಷ್ಟು ಪಿಷ್ಟವಿದೆಯೆಂದು ಭಾವಿಸಿದರೆ, 620 ಕಿಲೋ ಪಿಷ್ಟದಿಂದ ಸುಮಾರು 689 ಕಿಲೋ ಗ್ಲೂಕೋಸ್, ಅದರಿಂದ 352 ಕಿಲೋ ಎಥನಾಲ್, ಅಂದರೆ ಸುಮಾರು 446 ಲೀಟರ್ ದೊರೆಯಬೇಕು. ಆದರೆ ಭಾರತದಲ್ಲಿ ಲೆಕ್ಕಕ್ಕೆ ಹಿಡಿಯುವ ಇಳುವರಿ ಸಾಮಾನ್ಯವಾಗಿ ಟನ್ನಿಗೆ 380 ಲೀಟರ್. ಈ ಉದಾಹರಣೆಯಲ್ಲಿ ಅದು ಸೈದ್ಧಾಂತಿಕ ಇಳುವರಿಯ ಶೇ 85 ಮಾತ್ರ.

ಉಳಿದ ಶೇ 15 ಪೂರ್ಣವಾಗಿ ಮರಳಿ ಪಡೆಯಬಹುದಾದುದಲ್ಲ. ಯೀಸ್ಟ್ ಜೀವಿಯಾಗಿರುವುದರಿಂದ ತನ್ನ ದೇಹ ನಿರ್ಮಾಣಕ್ಕೆ, ಗ್ಲಿಸರಾಲ್ ಮತ್ತು ಸಕ್ಸಿನಿಕ್ ಆಮ್ಲದ ಉತ್ಪಾದನೆಗೆ ಸಕ್ಕರೆಯ ಒಂದಂಶವನ್ನು ಬಳಸಿಯೇ ತೀರುತ್ತದೆ. 1860ರಲ್ಲಿಯೇ ಲೂಯಿ ಪಾಶ್ಚರ್ ಇದನ್ನು ಅಳೆದು, ಸಕ್ಕರೆಯ ಸುಮಾರು ಶೇ 95 ಮಾತ್ರ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗುವುದೆಂದು ತೋರಿಸಿದ್ದನು. ಬಟ್ಟಿ ಇಳಿಸುವಾಗಿನ ಸಣ್ಣ ನಷ್ಟವನ್ನೂ ಕಳೆದರೆ ಶೇ 92ರಿಂದ 93 ಎಂಬುದು ಕಾರ್ಖಾನೆಯೊಂದು ಎಟುಕಿಸಿಕೊಳ್ಳಬಹುದಾದ ಮಟ್ಟ. ಮೇಲಿನ ಉದಾಹರಣೆಯಲ್ಲಿ ಅದು ಟನ್ನಿಗೆ 415 ಲೀಟರ್ ಆಗುತ್ತದೆ. ಅಮೆರಿಕದ ಕಾರ್ಖಾನೆಗಳು ಟನ್ನಿಗೆ 420 ಲೀಟರಿಗೂ ಮಿಗಿಲಾಗಿ ಪಡೆಯುತ್ತಿರುವುದು ಗಮನಾರ್ಹ. ಅಲ್ಲಿನ ಕಾಳಿನಲ್ಲಿ ಪಿಷ್ಟ ಹೆಚ್ಚು ಎಂಬುದು ಇದಕ್ಕೆ ಒಂದು ಕಾರಣವಾದರೆ, ಹುದುಗುವಿಕೆಯ ಶಿಸ್ತು ಇನ್ನೊಂದು ಕಾರಣ.

ಈ 35 ಲೀಟರುಗಳ ಅಂತರದ ಅರ್ಥವನ್ನು ರೂಪಾಯಿಗಳಲ್ಲಿ ಕಾಣಬಹುದು. 2024-25ರ ಪೂರೈಕೆ ವರ್ಷದಲ್ಲಿ ಮುಸುಕಿನ ಜೋಳದ ಎಥನಾಲಿಗೆ ನಿಗದಿಯಾಗಿದ್ದ ಬೆಲೆ ಲೀಟರಿಗೆ ₹71.86. ಅದರಂತೆ ದಕ್ಷತೆಯ ಪ್ರತಿ ಒಂದು ಶೇಕಡಾ ಅಂಶವೂ ಕ್ವಿಂಟಾಲ್ ಕಾಳಿಗೆ ಸುಮಾರು ₹32 ಮೌಲ್ಯದ್ದು. ಇಡೀ ಅಂತರದ ಮೌಲ್ಯ ಕ್ವಿಂಟಾಲಿಗೆ ಸುಮಾರು ₹250. ಇದರಲ್ಲಿ ಕಿಣ್ವ, ಪೋಷಕಾಂಶ, ವಿದ್ಯುತ್ತಿನ ಹೆಚ್ಚುವರಿ ವೆಚ್ಚವನ್ನು ಕಳೆಯಬೇಕಾದರೂ ಮೊತ್ತ ಅಲ್ಪವಲ್ಲ. ಕಾಳಿನ ಲೆಕ್ಕದಲ್ಲಿ ನೋಡಿದರೆ, ದಿನಕ್ಕೆ ಒಂದು ಲಕ್ಷ ಲೀಟರ್ ತಯಾರಿಸುವ ಘಟಕಕ್ಕೆ 380 ಲೀಟರಿನ ಇಳುವರಿಯಲ್ಲಿ 263 ಟನ್ ಕಾಳು ಬೇಕಾದರೆ, 415 ಲೀಟರಿನಲ್ಲಿ 241 ಟನ್ ಸಾಕು. ವರ್ಷಕ್ಕೆ 330 ದಿನಗಳ ಲೆಕ್ಕದಲ್ಲಿ ಉಳಿತಾಯ 7,300 ಟನ್. ಹೆಕ್ಟೇರಿಗೆ 3 ಟನ್ ಇಳುವರಿಯೆಂದು ಎಣಿಸಿದರೆ ಇದು ಸುಮಾರು 2,400 ಹೆಕ್ಟೇರುಗಳ ಬೆಳೆ.

ಕಾಳಿನ ಸ್ವರೂಪ ಮತ್ತು ಪಿಷ್ಟದ ಬಿಡುಗಡೆ

ದಕ್ಷತೆಯ ನಷ್ಟ ಆರಂಭವಾಗುವುದು ಹುದುಗು ತೊಟ್ಟಿಯಲ್ಲಲ್ಲ, ಗಿರಣಿಯಲ್ಲಿ. ಅಮೆರಿಕದಲ್ಲಿ ಬೆಳೆಯುವ ಕಾಳು ಬಹುಮಟ್ಟಿಗೆ ನೆತ್ತಿಯಲ್ಲಿ ಗುಳಿಯಿರುವ ಮೃದು ಜಾತಿಯದು. ಭಾರತದಲ್ಲಿ ಬೆಳೆಯುವುದು ಹೆಚ್ಚಾಗಿ ಕಿತ್ತಳೆ ಬಣ್ಣದ, ಗಟ್ಟಿಯಾದ, ಗಾಜಿನಂಥ ತಿರುಳಿನ ಕಾಳು. ಕೀಟಗಳಿಗೆ ಸುಲಭವಾಗಿ ಬಲಿಯಾಗದಿರುವುದು ಮತ್ತು ಕೋಳಿ ಆಹಾರಕ್ಕೆ ಒಪ್ಪುವ ಬಣ್ಣ ಇದರ ಗುಣಗಳು. ಆದರೆ ಇದರಲ್ಲಿ ಪಿಷ್ಟದ ಕಣಗಳನ್ನು ಜೀಯಿನ್ ಎಂಬ ಪ್ರೋಟೀನಿನ ಜಾಲವು ಬಿಗಿಯಾಗಿ ಸುತ್ತುವರಿದಿರುತ್ತದೆ. ಒರಟಾಗಿ ಬೀಸಿದರೆ ನುಚ್ಚಿನ ಒಳಗಿನ ಪಿಷ್ಟಕ್ಕೆ ನೀರೂ ಕಿಣ್ವವೂ ತಲುಪದೆ ಅದು ಹಾಗೆಯೇ ಉಳಿದು, ಕೊನೆಗೆ ಮೇವಿನ ಪಾಲಾಗುತ್ತದೆ. ಅತಿ ನುಣ್ಣಗೆ ಬೀಸಿದರೆ ಪಿಷ್ಟ ಬಿಡುಗಡೆಯಾದರೂ, ಬಟ್ಟಿ ಇಳಿಸಿದ ಬಳಿಕ ಘನಾಂಶವನ್ನು ಬೇರ್ಪಡಿಸುವುದು ಕಠಿಣವಾಗಿ ಆವಿಯಾಗಿಸುವ ಯಂತ್ರಗಳಲ್ಲಿ ಜಿಡ್ಡು ಕಟ್ಟುತ್ತದೆ. ಹಿಟ್ಟಿನ ಕಣಗಾತ್ರವನ್ನು ಜರಡಿಗಳಿಂದ ಪ್ರತಿದಿನ ಅಳೆದು ಗಿರಣಿಯ ಸುತ್ತಿಗೆಗಳ ಸವೆತವನ್ನು ಗಮನಿಸುವುದು ಅತಿ ಕಡಿಮೆ ವೆಚ್ಚದ ಸುಧಾರಣೆಯಾಗಿದೆ.

ಬೀಸಿದ ಹಿಟ್ಟನ್ನು ನೀರಿನೊಡನೆ ಕಲಸಿ, 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆಲ್ಫಾ ಅಮೈಲೇಸ್ ಕಿಣ್ವದ ಸಮ್ಮುಖದಲ್ಲಿ ಬೇಯಿಸಲಾಗುತ್ತದೆ. ಕೆಲವೆಡೆ ಒತ್ತಡದ ಹಬೆಯಿಂದ ನೂರು ಡಿಗ್ರಿಗೂ ಮೇಲೆ ಕಾಯಿಸುವ ಪದ್ಧತಿಯಿದೆ. ಪಿಷ್ಟದ ಕಣಗಳು ಉಬ್ಬಿ ಒಡೆದು ಗಂಜಿ ಗಟ್ಟಿಯಾಗುವ ಹೊತ್ತಿಗೆ ಕಿಣ್ವವು ಉದ್ದನೆಯ ಸರಪಳಿಗಳನ್ನು ತುಂಡರಿಸಿ ಅದನ್ನು ತೆಳುವಾಗಿಸುತ್ತದೆ. ಇಲ್ಲಿ ಪಿಎಚ್ ಮೌಲ್ಯ 5.2ರಿಂದ 5.8ರ ನಡುವೆ ಇರಬೇಕು. ತೆಳುವಾಗದ ಗಂಜಿ ತಣಿದಾಗ ಅಮೈಲೋಸಿನ ಸರಪಳಿಗಳು ಮತ್ತೆ ಒತ್ತಾಗಿ ಹೆಣೆದುಕೊಂಡು, ಕಿಣ್ವಕ್ಕೆ ಜಗ್ಗದ ಪಿಷ್ಟವಾಗುತ್ತವೆ. ಒಮ್ಮೆ ಹಾಗಾದ ಪಿಷ್ಟವನ್ನು ಮುಂದಿನ ಯಾವ ಹಂತವೂ ಸರಿಪಡಿಸಲಾರದು. ಗಟ್ಟಿ ಕಾಳಿನ ವಿಷಯದಲ್ಲಿ ಪ್ರೋಟೀನ್ ಜಾಲವನ್ನು ಸಡಿಲಿಸುವ ಪ್ರೋಟಿಯೇಸ್ ಕಿಣ್ವದ ಬಳಕೆ ವಿಶೇಷವಾಗಿ ಫಲಪ್ರದ. ಅದು ಪಿಷ್ಟವನ್ನು ಬಿಡಿಸುವುದಲ್ಲದೆ ಯೀಸ್ಟಿಗೆ ಬೇಕಾದ ಅಮೈನೋ ಆಮ್ಲಗಳನ್ನೂ ಒದಗಿಸುತ್ತದೆ.

ಯೀಸ್ಟಿನ ಶರೀರಕ್ರಿಯೆ

ತೆಳುವಾದ ಗಂಜಿಯನ್ನು 32 ಡಿಗ್ರಿಗೆ ತಣಿಸಿ, ಗ್ಲೂಕೋಅಮೈಲೇಸ್ ಕಿಣ್ವವನ್ನೂ ಸ್ಯಾಕರೋಮೈಸಿಸ್ ಸೆರೆವಿಸಿಯೇ ಯೀಸ್ಟನ್ನೂ ಒಟ್ಟಿಗೆ ಸೇರಿಸುವುದು ಇಂದು ಪ್ರಚಲಿತವಿರುವ ಪದ್ಧತಿ. ಕಿಣ್ವವು ಗ್ಲೂಕೋಸನ್ನು ಬಿಡುಗಡೆ ಮಾಡಿದಂತೆಲ್ಲ ಯೀಸ್ಟ್ ಅದನ್ನು ಬಳಸುತ್ತ ಹೋಗುತ್ತದೆ. ಕಿಣ್ವಕ್ಕೆ ಅನುಕೂಲವಾದ ಉಷ್ಣತೆ 60 ಡಿಗ್ರಿ. ಯೀಸ್ಟಿಗೆ ಅನುಕೂಲವಾದುದು ಅದರ ಅರ್ಧದಷ್ಟು. ಕಿಣ್ವದ ವೇಗವನ್ನು ಬಿಟ್ಟುಕೊಟ್ಟು ಯೀಸ್ಟಿನ ಆರೋಗ್ಯವನ್ನು ಕಾಯ್ದುಕೊಳ್ಳುವ ಒಪ್ಪಂದವಿದು. ಇದರ ದೊಡ್ಡ ಲಾಭವೆಂದರೆ ಗ್ಲೂಕೋಸ್ ಒಮ್ಮೆಗೇ ಶೇಖರವಾಗದಿರುವುದು. ಸಕ್ಕರೆಯ ಸಾಂದ್ರತೆ ಏರಿದಾಗ ಕೋಶದಿಂದ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಅದನ್ನು ತಡೆಯಲು ಯೀಸ್ಟ್ ಗ್ಲಿಸರಾಲನ್ನು ತಯಾರಿಸಿ ತುಂಬಿಕೊಳ್ಳುತ್ತದೆ. ಹೀಗೆ ಗ್ಲಿಸರಾಲಿಗೆ ಹೋಗುವ ಸಕ್ಕರೆ ಶೇ 4ರಿಂದ 5ರವರೆಗೂ ಇರಬಹುದು. ಆರಂಭದಲ್ಲಿಯೇ ಕಿಣ್ವವನ್ನು ಅತಿಯಾಗಿ ಹಾಕಿ ಬೇಗ ಮುಗಿಸುವ ಆತುರವು ಹೀಗೆ ಇಳುವರಿಗೆ ಹಾನಿಕರ.

ಯೀಸ್ಟಿನ ಎರಡನೆಯ ಅಗತ್ಯ ಸಾರಜನಕ. ಮುಸುಕಿನ ಜೋಳದಲ್ಲಿ ಪ್ರೋಟೀನ್ ಇದ್ದರೂ ಯೀಸ್ಟ್ ನೇರವಾಗಿ ಹೀರಿಕೊಳ್ಳಬಲ್ಲ ಅಮೈನೋ ಆಮ್ಲಗಳು ಕಡಿಮೆ. ಜೀಯಿನಿನಲ್ಲಿ ಹೇರಳವಾಗಿರುವ ಪ್ರೋಲೀನನ್ನು ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಯೀಸ್ಟ್ ಬಳಸಲಾರದು. ಆದುದರಿಂದ ಯೂರಿಯಾ ಸೇರಿಸಲಾಗುತ್ತದೆ. ಪಾನೀಯ ಮದ್ಯದಲ್ಲಿ ಈಥೈಲ್ ಕಾರ್ಬಮೇಟ್ ಎಂಬ ಹಾನಿಕರ ವಸ್ತು ಉಂಟಾಗುವ ಕಾರಣ ಯೂರಿಯಾ ವರ್ಜ್ಯ. ಇಂಧನಕ್ಕೆ ಆ ಅಡ್ಡಿಯಿಲ್ಲ. ಆದರೆ ಯೂರಿಯಾದಲ್ಲಿ ಸಾರಜನಕ ಮಾತ್ರವಿದೆ. ಕೋಶಪೊರೆಯನ್ನು ಮದ್ಯಸಾರದಿಂದ ರಕ್ಷಿಸಲು ಬೇಕಾದ ಸ್ಟೆರಾಲುಗಳ ತಯಾರಿಕೆಗೆ ಯೀಸ್ಟ್ ಬೆಳೆಸುವ ಹಂತದಲ್ಲಿ ಸ್ವಲ್ಪ ಗಾಳಿಯ ಪೂರೈಕೆಯೂ ಬೇಕು. ಮೆಗ್ನೀಷಿಯಂ, ಸತು ಮೊದಲಾದ ಖನಿಜಗಳೂ ಬೇಕು. ಕಾಳಿನ ರಂಜಕ ಮತ್ತು ಖನಿಜಗಳನ್ನು ಹಿಡಿದಿಟ್ಟಿರುವ ಫೈಟಿಕ್ ಆಮ್ಲವನ್ನು ಒಡೆಯುವ ಫೈಟೇಸ್ ಕಿಣ್ವ ಇಲ್ಲಿ ನೆರವಾಗುತ್ತದೆ.

ಮೂರನೆಯದು ಉಷ್ಣತೆ. ಹುದುಗುವಿಕೆ ಶಾಖವನ್ನು ಹೊರಸೂಸುತ್ತದೆ. ತೊಟ್ಟಿಯ ಗಾತ್ರ ಹೆಚ್ಚಿದಂತೆ ಆ ಶಾಖವನ್ನು ಹೊರಗೆಳೆಯುವುದು ದುಸ್ತರವಾಗುತ್ತದೆ. ತಂಪುಗೋಪುರದ ನೀರು ಎಷ್ಟು ತಣ್ಣಗಿರಬಲ್ಲುದೆಂಬುದನ್ನು ಆ ಊರಿನ ಹವೆಯ ಉಷ್ಣತೆ ಮತ್ತು ಆರ್ದ್ರತೆಗಳು ನಿರ್ಧರಿಸುತ್ತವೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಪ್ರಯೋಗಾಲಯದಲ್ಲಿ ಸುಲಭವಾಗಿ ಕಾಯ್ದುಕೊಂಡ 32 ಡಿಗ್ರಿಯನ್ನು ಏಪ್ರಿಲ್ ತಿಂಗಳ ಬಾಗಲಕೋಟೆಯಲ್ಲಿಯೋ ಬಳ್ಳಾರಿಯಲ್ಲಿಯೋ ಕಾಯ್ದುಕೊಳ್ಳುವುದು ಬೇರೆಯೇ ಸಂಗತಿ. ಮದ್ಯಸಾರ ಶೇ 10 ದಾಟಿದ ಬಳಿಕ ಉಷ್ಣತೆ 35 ಡಿಗ್ರಿಗಿಂತ ಮೇಲೇರಿದರೆ ಎರಡೂ ಒತ್ತಡಗಳು ಕೂಡಿ ಕೋಶಪೊರೆ ಶಿಥಿಲವಾಗುತ್ತದೆ, ಸಕ್ಕರೆ ಉಳಿದಿರುವಂತೆಯೇ ಯೀಸ್ಟ್ ಸಾಯುತ್ತದೆ. ಆರಂಭದ ಇಪ್ಪತ್ತು ಗಂಟೆಗಳ ಬಳಿಕ ಉಷ್ಣತೆಯನ್ನು ಒಂದೆರಡು ಡಿಗ್ರಿ ಇಳಿಸುತ್ತ ಹೋಗುವ ಕ್ರಮ ಇದಕ್ಕೆ ಪರಿಹಾರ. ಕ್ಲೂವೆರೋಮೈಸಿಸ್ ಮಾರ್ಕ್ಸಿಯಾನಸ್‌ನಂಥ ಯೀಸ್ಟುಗಳು 45 ಡಿಗ್ರಿಯಲ್ಲಿಯೂ ಬೆಳೆಯಬಲ್ಲವಾದರೂ ಹೆಚ್ಚಿನ ಮದ್ಯಸಾರವನ್ನು ತಾಳಲಾರವು. ಶಾಖ ಮತ್ತು ಮದ್ಯಸಾರ ಎರಡನ್ನೂ ತಾಳಬಲ್ಲ ಸ್ಥಳೀಯ ಯೀಸ್ಟ್ ತಳಿಗಳ ಶೋಧವು ಕರ್ನಾಟಕದ ಸೂಕ್ಷ್ಮಜೀವಿ ವಿಜ್ಞಾನಿಗಳಿಗೆ ಅರ್ಹವಾದ ಕಾರ್ಯವಾಗಿದೆ. ಗ್ಲಿಸರಾಲನ್ನು ಕಡಿಮೆ ಮಾಡುವ, ತಾನೇ ಗ್ಲೂಕೋಅಮೈಲೇಸ್ ಸ್ರವಿಸುವ ಕುಲಾಂತರಿ ಯೀಸ್ಟುಗಳು ಅಮೆರಿಕದಲ್ಲಿ 2010ರ ದಶಕದಿಂದ ಬಳಕೆಗೆ ಬಂದಿವೆ. ಆದರೆ ಮೇಲೆ ಹೇಳಿದ ಮೂಲಭೂತ ಶಿಸ್ತುಗಳಿಲ್ಲದ ಕಡೆ ಅವೂ ಫಲ ನೀಡವು.

ಹುಳಿಯ ಸಮಸ್ಯೆ

ಇಡ್ಲಿ, ದೋಸೆಯ ಹಿಟ್ಟನ್ನು ಉಬ್ಬಿಸಿ ಹುಳಿಗೊಳಿಸುವ ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಗಳೇ ಎಥನಾಲ್ ಘಟಕದ ಪ್ರಮುಖ ಶತ್ರುಗಳು. ಯೀಸ್ಟಿಗೆ ಒಗ್ಗುವ ಉಷ್ಣತೆ, ಆಮ್ಲೀಯತೆ ಇವುಗಳಿಗೂ ಒಗ್ಗುತ್ತವೆ. ಇವು ಯೀಸ್ಟಿಗಿಂತ ವೇಗವಾಗಿ ವೃದ್ಧಿಸುತ್ತವೆ. ಲ್ಯಾಕ್ಟಿಕ್ ಆಮ್ಲವಾದ ಪ್ರತಿ ಗ್ಲೂಕೋಸ್ ಕಣವೂ ಎಥನಾಲಿನ ಪಾಲಿಗೆ ನಷ್ಟ. ಅದಕ್ಕಿಂತ ಗಂಭೀರವಾದುದು ಆಮ್ಲಗಳು ಯೀಸ್ಟಿನ ಮೇಲೆ ಬೀರುವ ಪರಿಣಾಮ. ಅಸಿಟಿಕ್ ಆಮ್ಲ ಶೇ 0.05ರಿಂದ 0.1ಕ್ಕೂ, ಲ್ಯಾಕ್ಟಿಕ್ ಆಮ್ಲ ಶೇ 0.8ರ ಸಮೀಪಕ್ಕೂ ಬಂದಾಗ ಯೀಸ್ಟಿನ ಬೆಳವಣಿಗೆ ಕುಂಠಿತಗೊಂಡು, ಹುದುಗುವಿಕೆ ನಡುವಿನಲ್ಲಿಯೇ ನಿಲ್ಲಬಹುದು.

ಇದಕ್ಕೆ ವರ್ಜಿನಿಯಾಮೈಸಿನ್, ಪೆನಿಸಿಲಿನ್ ಮೊದಲಾದ ಪ್ರತಿಜೈವಿಕಗಳನ್ನು ಹಾಕುವ ರೂಢಿ ಹಲವು ದೇಶಗಳಲ್ಲಿ ಬೆಳೆದಿದೆ. ಅವುಗಳ ಶೇಷ ಮೇವಿನಲ್ಲಿ ಉಳಿಯಬಹುದೆಂಬುದೂ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಗಳು ತಲೆಯೆತ್ತುವುವೆಂಬುದೂ ಈ ರೂಢಿಯ ದೋಷಗಳು. ಹಾಪ್ಸ್ ಗಿಡದ ಆಮ್ಲಗಳು, ಕ್ಲೋರಿನ್ ಡೈಆಕ್ಸೈಡ್ ಇವು ಬದಲಿ ಮಾರ್ಗಗಳಾಗಿವೆ. ಆದರೆ ಸೋಂಕಿನ ನೆಲೆಗಳು ಹೆಚ್ಚಾಗಿ ಶಾಖ ವಿನಿಮಯಕಗಳ ಸಂದುಗಳು, ಗಂಜಿ ನಿಲ್ಲುವ ಕೊಳವೆಯ ತಿರುವುಗಳು ಮತ್ತು ಸರಿಯಾಗಿ ತೊಳೆಯದ ಯೀಸ್ಟ್ ತೊಟ್ಟಿಗಳು. ಬಿಸಿ ಕ್ಷಾರದಿಂದ ಕ್ರಮಬದ್ಧವಾಗಿ ತೊಳೆಯುವುದು ಎಲ್ಲ ರಾಸಾಯನಿಕಗಳಿಗಿಂತ ಮೇಲಾದ ಉಪಾಯ.

ಶೇಷದ್ರವದ ಮರುಬಳಕೆ

ಬಟ್ಟಿ ಇಳಿಸಿದ ಬಳಿಕ ಉಳಿಯುವ ದ್ರವದಿಂದ ಘನಾಂಶವನ್ನು ತೆಗೆದರೆ ದೊರೆಯುವ ತಿಳಿ ಶೇಷದ್ರವದ ಒಂದು ಭಾಗವನ್ನು ಹಿಟ್ಟು ಕಲಸಲು ಮರಳಿ ಬಳಸಲಾಗುತ್ತದೆ. ತ್ಯಾಜ್ಯ ದ್ರವವನ್ನು ಹೊರಬಿಡಬಾರದೆಂಬ ನಿಯಮಕ್ಕೆ ಒಳಪಟ್ಟ ಘಟಕಗಳಿಗೆ ಇದು ಅನಿವಾರ್ಯ. ಅಂತರ್ಜಲ ಪಾತಾಳ ಸೇರಿರುವ ಬಯಲುಸೀಮೆಯ ಜಿಲ್ಲೆಗಳಿಗೆ ಹಿತಕರವೂ ಹೌದು. ಶೇಷದ್ರವದಲ್ಲಿ ಯೀಸ್ಟಿಗೆ ಪೋಷಕವಾದ ಅಂಶಗಳೂ ಇವೆ. ಆದರೆ ಮಿತಿ ಮೀರಿದರೆ ಗ್ಲಿಸರಾಲ್, ಲ್ಯಾಕ್ಟಿಕ್ ಆಮ್ಲ ಹಾಗೂ ತೊಳೆಯಲು ಬಳಸಿದ ಕ್ಷಾರದ ಸೋಡಿಯಂ ಸುತ್ತು ಸುತ್ತಿಗೂ ಸೇರುತ್ತ ಹೋಗಿ ಯೀಸ್ಟನ್ನು ಬಾಧಿಸುತ್ತವೆ. ಒಂದು ತಂಡದಲ್ಲಾದ ಸೋಂಕಿನ ಫಲವನ್ನು ಮುಂದಿನ ಹಲವು ತಂಡಗಳು ಅನುಭವಿಸುತ್ತವೆ. ನೀರಿನ ಉಳಿತಾಯಕ್ಕೂ ಇಳುವರಿಗೂ ಇರುವ ಈ ಸಂಬಂಧವನ್ನು ಅಳೆದೇ ಮರುಬಳಕೆಯ ಪ್ರಮಾಣವನ್ನು ನಿಶ್ಚಯಿಸಬೇಕಾಗುತ್ತದೆ.

ಬೂಷ್ಟು, ಕಾಳು ಮತ್ತು ಕೋಳಿ ಆಹಾರ

ಹುದುಗುವಿಕೆಯು ಪಿಷ್ಟವನ್ನು ಮಾತ್ರ ಒಯ್ಯುತ್ತದೆ. ಉಳಿದ ಪ್ರೋಟೀನ್, ಎಣ್ಣೆ, ನಾರು ಇವೆಲ್ಲ ಒಣಗಿಸಿದ ಧಾನ್ಯಶೇಷವಾಗಿ, ವ್ಯವಹಾರದಲ್ಲಿ ಡಿಡಿಜಿಎಸ್ ಎಂಬ ಹೆಸರಿನಲ್ಲಿ, ಟನ್ನಿಗೆ ಸುಮಾರು 300 ಕಿಲೋ ದೊರೆತು ಕೋಳಿ ಮತ್ತು ಹಸುಗಳ ಆಹಾರಕ್ಕೆ ಸೇರುತ್ತವೆ. ಆದುದರಿಂದ ಕಾಳಿನಲ್ಲಿದ್ದ ವಿಷವೂ ಈ ಶೇಷದಲ್ಲಿ ಸುಮಾರು ಮೂರು ಪಟ್ಟು ಸಾಂದ್ರವಾಗುತ್ತದೆ. ಆಸ್ಪರ್ಜಿಲಸ್ ಬೂಷ್ಟಿನ ಅಫ್ಲಾಟಾಕ್ಸಿನ್, ಫ್ಯುಸೇರಿಯಂ ಬೂಷ್ಟಿನ ಫ್ಯುಮೊನಿಸಿನ್ ಇವನ್ನು ಬೇಯಿಸುವುದಾಗಲಿ ಹುದುಗಿಸುವುದಾಗಲಿ ನಾಶಮಾಡಲಾರದು. ಬೂಷ್ಟು ಹಿಡಿದ ಕಾಳಿನಿಂದ ಎಥನಾಲ್ ತಯಾರಿಸಿದರೆ ಹಾನಿಯಿಲ್ಲವೆಂಬ ತಿಳಿವಳಿಕೆ ಎಥನಾಲಿನ ಮಟ್ಟಿಗೆ ನಿಜ, ಮೇವಿನ ಮಟ್ಟಿಗೆ ಅಲ್ಲ.

ಕರ್ನಾಟಕಕ್ಕೆ ಇದರ ಅನುಭವವಿದೆ. 1995ರಲ್ಲಿ ಅಕಾಲಿಕ ಮಳೆಗೆ ಸಿಕ್ಕ ಜೋಳ ಮತ್ತು ಮುಸುಕಿನ ಜೋಳವನ್ನು ತಿಂದು ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ಕೆಲವು ಹಳ್ಳಿಗಳ ಜನ ಹೊಟ್ಟೆನೋವು, ಭೇದಿಗಳಿಂದ ನರಳಿದ್ದರು. ಅದಕ್ಕೆ ಫ್ಯುಮೊನಿಸಿನ್ ಕಾರಣವೆಂದು ತನಿಖೆಯಲ್ಲಿ ತಿಳಿದುಬಂದಿತು. 2018ರಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡುದೂ ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿಯೇ. ಶಿವಮೊಗ್ಗದ ವಿಜ್ಞಾನಿಗಳು ಅದನ್ನು ಗುರುತಿಸಿದರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅದರ ಇರವನ್ನು ದಾಖಲಿಸಿ ಎಚ್ಚರಿಕೆ ನೀಡಿದುದು ಹೆಬ್ಬಾಳದ ಕೀಟ ಸಂಪನ್ಮೂಲ ಬ್ಯೂರೋ. ತೆನೆಗೆ ಹುಳು ಕೊರೆದ ರಂಧ್ರ ಬೂಷ್ಟಿಗೆ ಬಾಗಿಲು. ಮುಂಗಾರು ಬೆಳೆಯ ಕೊಯ್ಲು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಂಗಾರು ಮಳೆಗೆ ಎದುರಾಗುತ್ತದೆ. ಕಣದ ಅಭಾವದಲ್ಲಿ ರೈತರು ಕಾಳನ್ನು ಡಾಂಬರು ರಸ್ತೆಗಳ ಮೇಲೆ ಹರಡಿ ಒಣಗಿಸುವುದು ರಾಜ್ಯದಾದ್ಯಂತ ಕಾಣುವ ನೋಟ. ತೇವಾಂಶ ಶೇ 14ಕ್ಕಿಂತ ಕೆಳಗಿಳಿಯದೆ ಚೀಲ ಸೇರಿದ ಕಾಳಿನಲ್ಲಿ ಬೂಷ್ಟು ಪಿಷ್ಟವನ್ನು ತಿನ್ನುತ್ತದೆ, ವಿಷವನ್ನು ಬಿಡುತ್ತದೆ. ಹೀಗೆ ಹುದುಗು ತೊಟ್ಟಿಯ ಇಳುವರಿ ರೈತನ ಕಣದಲ್ಲಿಯೇ ಅರ್ಧ ನಿರ್ಧಾರವಾಗಿರುತ್ತದೆ.

ಮಾಪನ ಮತ್ತು ಬೆಲೆ

ಸುಧಾರಣೆಗೆ ಮೊದಲ ಮೆಟ್ಟಿಲು ಮಾಪನ. 50ರಿಂದ 60 ಗಂಟೆಗಳ ಒಂದು ತಂಡದಲ್ಲಿ ನಿಯಮಿತ ಅವಧಿಗೊಮ್ಮೆ ಮಾದರಿ ತೆಗೆದು, ಎಚ್‌ಪಿಎಲ್‌ಸಿ ಉಪಕರಣದಿಂದ ಮಾಲ್ಟೋಸ್, ಗ್ಲೂಕೋಸ್, ಗ್ಲಿಸರಾಲ್, ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲ, ಎಥನಾಲ್ ಇವುಗಳನ್ನು ಅಳೆದರೆ ನಷ್ಟದ ನೆಲೆ ತಾನಾಗಿ ಗೋಚರಿಸುತ್ತದೆ. ಕೊನೆಯಲ್ಲಿ ಗ್ಲೂಕೋಸ್ ಉಳಿದಿದ್ದರೆ ದೋಷ ಯೀಸ್ಟಿನಲ್ಲಿ. ಮಾಲ್ಟೋಸ್ ಮತ್ತು ಉದ್ದ ಸರಪಳಿಗಳು ಉಳಿದಿದ್ದರೆ ಗ್ಲೂಕೋಅಮೈಲೇಸಿನಲ್ಲಿ. ಶೇಷದಲ್ಲಿ ಪಿಷ್ಟ ಉಳಿದಿದ್ದರೆ ಗಿರಣಿಯಲ್ಲಿ ಅಥವಾ ಬೇಯಿಸುವ ಹಂತದಲ್ಲಿ. ಲ್ಯಾಕ್ಟಿಕ್ ಆಮ್ಲ ಏರಿದ್ದರೆ ಸ್ವಚ್ಛತೆಯಲ್ಲಿ. ಈ ಅಂಕಿಗಳನ್ನು ತಂಡದಿಂದ ತಂಡಕ್ಕೆ ದಾಖಲಿಸದೆ ಹೊಸ ಯೀಸ್ಟ್, ಹೊಸ ಕಿಣ್ವಗಳನ್ನು ಬದಲಿಸುತ್ತ ಹೋಗುವುದು ರೋಗನಿದಾನವಿಲ್ಲದ ಚಿಕಿತ್ಸೆಯಂತೆ.

ಎರಡನೆಯ ಮಾಪನ ಕಾಳಿನದು. ಕಾಳಿನ ವ್ಯಾಪಾರ ಇಂದಿಗೂ ತೂಕ, ತೇವಾಂಶ ಮತ್ತು ಕಣ್ಣಳತೆಯನ್ನು ಅವಲಂಬಿಸಿದೆ. ಹುದುಗಬಲ್ಲ ಪಿಷ್ಟ, ಬೂಷ್ಟಿನ ವಿಷ ಇವುಗಳ ಪರೀಕ್ಷೆಯಾಗಿ ಅದಕ್ಕೆ ತಕ್ಕ ಬೆಲೆ ದೊರೆಯದ ತನಕ, ಚೆನ್ನಾಗಿ ಒಣಗಿಸಿದ ರೈತನಿಗೂ ಒದ್ದೆಯಾಗಿ ತುಂಬಿದವನಿಗೂ ವ್ಯತ್ಯಾಸ ಉಳಿಯದು. 2025-26ಕ್ಕೆ ಮುಸುಕಿನ ಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ ₹2,400 ಎಂದು ಘೋಷಣೆಯಾಗಿತ್ತು. 2025ರ ಕೊಯ್ಲಿನ ವೇಳೆಗೆ ರಾಜ್ಯದ ಮಾರುಕಟ್ಟೆಗಳಲ್ಲಿ ದರವು ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದರು. ಅದಕ್ಕೆ ಮುನ್ನ, 2024ರಲ್ಲಿ, ಎಥನಾಲಿನ ಬೇಡಿಕೆಯಿಂದ ದರ ಏರಿ ಕೋಳಿ ಸಾಕುವವರು ಕಂಗೆಟ್ಟಿದ್ದರು. ಆ ವರ್ಷ ಭಾರತ ರಫ್ತಿಗಿಂತ ಹೆಚ್ಚು ಮುಸುಕಿನ ಜೋಳವನ್ನು ಆಮದು ಮಾಡಿಕೊಂಡಿತು. ಎರಡು ವರ್ಷಗಳಲ್ಲಿ ಕಂಡ ಈ ಎರಡು ತುದಿಗಳ ನಡುವೆ, ಅದೇ ಎಥನಾಲನ್ನು ಕಡಿಮೆ ಕಾಳಿನಿಂದ ಪಡೆಯುವ ದಕ್ಷತೆಯು ಎರಡೂ ಪಕ್ಷಗಳಿಗೆ ಉಪಯುಕ್ತವಾದ ಮಾರ್ಗ.

ಉಪಸಂಹಾರ

ಮುಸುಕಿನ ಜೋಳದ ಹುದುಗುವಿಕೆಯ ಸುಧಾರಣೆ ಯಾವುದೋ ಒಂದು ಅದ್ಭುತ ಯೀಸ್ಟಿನ ಶೋಧದಲ್ಲಿ ನಿಂತಿಲ್ಲ. ಒಣಗಿಸುವಿಕೆ, ಬೀಸುವಿಕೆ, ಬೇಯಿಸುವಿಕೆ, ಪೋಷಣೆ, ತಂಪು, ಸ್ವಚ್ಛತೆ, ಮರುಬಳಕೆ ಇವುಗಳಲ್ಲಿ ಒಂದೊಂದೂ ಒಂದು ಅಥವಾ ಎರಡು ಶೇಕಡಾ ಅಂಶವನ್ನು ಕಳೆಯುತ್ತದೆ ಅಥವಾ ಉಳಿಸುತ್ತದೆ. ಮೇಲಿನ ಲೆಕ್ಕದಂತೆ ಪ್ರತಿ ಅಂಶವೂ ಕ್ವಿಂಟಾಲಿಗೆ ₹32. ಇವುಗಳಲ್ಲಿ ಗಟ್ಟಿ ಕಾಳಿನಿಂದ ಪಿಷ್ಟದ ಬಿಡುಗಡೆ, ಬೇಸಗೆಯ ಉಷ್ಣತೆ, ಹಿಂಗಾರು ಮಳೆಯಲ್ಲಿ ನೆನೆದ ಕಾಳಿನ ಬೂಷ್ಟು ಇವು ಈ ನೆಲದ್ದೇ ಆದ ಸಮಸ್ಯೆಗಳು. ಅವುಗಳ ಉತ್ತರ ಅಮೆರಿಕದ ಕೈಪಿಡಿಗಳಲ್ಲಿ ಸಿದ್ಧವಾಗಿ ದೊರೆಯುವುದಿಲ್ಲ.

ಅದಕ್ಕೆ ಬೇಕಾದ ಜ್ಞಾನಶಾಖೆಗಳೆಲ್ಲವೂ ಉತ್ತರ ಬೆಂಗಳೂರಿನ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ತಳಿ ವಿಜ್ಞಾನ ಮತ್ತು ಕೃಷಿ ಸೂಕ್ಷ್ಮಜೀವಿ ವಿಜ್ಞಾನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಕೀಟಶಾಸ್ತ್ರ ಮತ್ತು ಪಶು ಪೋಷಣೆ ಹೆಬ್ಬಾಳದಲ್ಲಿ, ಕೋಳಿ ಸಾಕಣೆಯ ಕೇಂದ್ರ ಸಂಸ್ಥೆ ಹೆಸರಘಟ್ಟದಲ್ಲಿ, ಜೀವರಸಾಯನ ವಿಜ್ಞಾನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಒಂದೇ ಕಾಳನ್ನು ಹೊಲದಿಂದ ತೊಟ್ಟಿಗೆ, ತೊಟ್ಟಿಯಿಂದ ಕೋಳಿಯ ಮೇವಿನವರೆಗೆ ಒಟ್ಟಾಗಿ ಹಿಂಬಾಲಿಸುವ ಅಧ್ಯಯನ ಈ ಸಂಸ್ಥೆಗಳಿಗೆ ಸಾಧ್ಯವಿದೆ. ಅಂಥ ಅಧ್ಯಯನದಿಂದ ದೊರೆಯುವ ಲಾಭದಲ್ಲಿ ಕಾಳನ್ನು ಒಣಗಿಸಿ ಕೊಟ್ಟ ರೈತನಿಗೂ ಪಾಲು ಸಲ್ಲುವಂತೆ ಬೆಲೆಯ ಕ್ರಮವನ್ನು ರೂಪಿಸಿದಾಗ ಮಾತ್ರ ಹುದುಗುವಿಕೆಯ ದಕ್ಷತೆಯು ಕಾರ್ಖಾನೆಯ ಗೋಡೆಯನ್ನು ದಾಟಿ ನಾಡಿನ ಹಿತವಾಗಿ ಪರಿಣಮಿಸುತ್ತದೆ.